ಮಗಳಿಗೆ ಕಡಲೆಬೀಜ ಆಗಿಬರಲ್ಲ ಅಂತ ನಮಗೆ ಗೊತ್ತಾಗಿದ್ದು ಹೇಗೆ

(ಪುಟ್ಟ ಮಕ್ಕಳ ತಂದೆತಾಯಂದಿರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರಲ್ಲ. ಕಡಲೆಬೀಜದ ಅಲರ್ಜಿ ಇರುವ ಒಬ್ಬ ಹುಡುಗಿಯ ತಾಯಿ. ಅವಳಿಗೀಗ ಒಂಬತ್ತು ವರ್ಷ. ಅವಳ ಅಲರ್ಜಿ ನಮಗೆ ಗೊತ್ತಾಗಿದ್ದು ಹೇಗೆ ಅಂತ ಹೇಳಲು ಬಂದಿದ್ದೇನೆ. ಸರಿಯಾಗಿ ಹೇಳಬೇಕೆಂದರೆ, ಎರಡು ಸಲ ಕಣ್ಣೆದುರಿಗೇ ಬಂದರೂ ಗೊತ್ತಾಗದೆ ಹೋಗಿದ್ದು ಹೇಗೆ ಅಂತ.

ಮೊದಲನೇ ಸಲ ಅವಳಿಗೆ ಒಂಬತ್ತು ತಿಂಗಳು. ನಾನು ಹುರಿದ ಕಡಲೆಬೀಜ ತಿನ್ನುತ್ತಾ ನೆಲದ ಮೇಲೆ ಕೂತಿದ್ದೆ. ಅಂಬೆಗಾಲಿಟ್ಟು ಬಂದು ನನ್ನ ಮೊಣಕಾಲು ಹಿಡಿದು ಎದ್ದು ನಿಂತಳು. ಖುಷಿಯಾಗಿ ಎತ್ತಿಕೊಂಡು ಕೆನ್ನೆಗೆ ಒಂದು ಮುತ್ತು ಕೊಟ್ಟೆ. ಐದು ನಿಮಿಷ ಆಗಿರಬಹುದು. ಮುತ್ತು ಕೊಟ್ಟ ಜಾಗದಲ್ಲೇ ಒಂದು ಗುರುತು ಎದ್ದಿತ್ತು. ಸುತ್ತ ಕೆಂಪು, ನಡುವೆ ಬೆಳ್ಳಗೆ ಉಬ್ಬಿದ ಎರಡು ಮೂರು ಗಂದೆ. ಅಗಲ ಸರಿಯಾಗಿ ನನ್ನ ತುಟಿಯಷ್ಟೇ. ಸೊಳ್ಳೆ ಕಚ್ಚಿರಬೇಕು ಅಂದುಕೊಂಡೆ. ಅರ್ಧ ಗಂಟೆಗೆಲ್ಲ ಮಾಯವಾಯಿತು, ನಾನೂ ಮರೆತೆ.

ಎರಡನೇ ಸಲ ಹನ್ನೊಂದು ತಿಂಗಳು. ಯಾರೋ ಪ್ರೀತಿಯಿಂದ ಕೈಗೆ ಒಂದು ಚೂರು ಬಿಸ್ಕತ್ತು ಕೊಟ್ಟರು. ಚೀಪಿದಳು. ಇಪ್ಪತ್ತು ನಿಮಿಷದೊಳಗೆ ಮೂರು ಸಲ ವಾಂತಿ. ನಮ್ಮತ್ತೆ ಬೆನ್ನು ಸವರುತ್ತಾ "ಹಲ್ಲು ಬರ್ತಿದೆ ಕಣಮ್ಮ, ಅದಕ್ಕೇ" ಅಂದರು. ನಿಜ, ಹಲ್ಲು ಬರುತ್ತಿತ್ತು. ಹಾಗಾಗಿ ಎಲ್ಲರೂ ಹೌದೆಂದೆವು. ಆ ಬಿಸ್ಕತ್ತಿನ ಪೊಟ್ಟಣದ ಮೇಲಿನ ಸಣ್ಣಕ್ಷರವನ್ನು ನಾನು ಓದಿದ್ದು ಎಷ್ಟೋ ದಿನಗಳ ನಂತರ. ಕಡಲೆಬೀಜ ಅಂತ ಬರೆದೇ ಇತ್ತು.

ಮೂರನೇ ಸಲ ಹದಿಮೂರು ತಿಂಗಳು. ಸಂಜೆ ಬ್ರೆಡ್ಡಿಗೆ ಪೀನಟ್ ಬಟರ್ ಹಚ್ಚುತ್ತಿದ್ದೆ. ಅವಳು ಬಾಯಿ ತೆರೆದು ನಿಂತಳು. ಬೆರಳ ತುದಿಯಲ್ಲಿ ಒಂದಿಷ್ಟು ಮುಟ್ಟಿಸಿದೆ. ಮುಖ ಕಿವುಚಿದಳು. ಆಮೇಲೆ ಅಂಗೈಯಿಂದ ನಾಲಿಗೆಯನ್ನು ಉಜ್ಜತೊಡಗಿದಳು. ಒಂದು ಸಲವಲ್ಲ, ಮತ್ತೆ ಮತ್ತೆ, ಏನನ್ನೋ ಕೆರೆದು ತೆಗೆಯುವ ಹಾಗೆ. ರುಚಿ ಹಿಡಿಸಲಿಲ್ಲ ಅಂತ ನಾನು ನಕ್ಕೆ. ಆ ನಗು ಈಗಲೂ ನೆನಪಾಗುತ್ತದೆ. ಮೊದಲು ಕಿವಿ ಕೆರೆದುಕೊಂಡಳು. ಗಲ್ಲದ ಮೇಲೆ ಗಂದೆ ಎದ್ದವು, ನೋಡನೋಡುತ್ತಾ ಕುತ್ತಿಗೆಗೆ ಇಳಿದವು. ಬಲಗಣ್ಣಿನ ರೆಪ್ಪೆ ಊದಿಕೊಂಡು ಕಣ್ಣು ಅರ್ಧ ಮುಚ್ಚಿತು. ವಾಂತಿ ಆಯಿತು. ಆಮೇಲೆ ಕೆಮ್ಮು ಶುರುವಾಯಿತು. ಒಣ ಕೆಮ್ಮು, ಬಿಡುವೇ ಇಲ್ಲ. ಅತ್ತಾಗ ಗಂಟಲು ಕಟ್ಟಿದ ದನಿ. ಆ ದನಿ ಅವಳದಾಗಿರಲಿಲ್ಲ.

ಆಸ್ಪತ್ರೆಗೆ ಓಡಿದೆವು. ಯಾವ ಆಸ್ಪತ್ರೆ ಅನ್ನುವುದು ಬೇಡ. ಮೊದಲು ನೋಡಿದವರು ದದ್ದು ನೋಡಿ, ತುರಿಕೆಗೆ ಒಂದು ಸಿರಪ್ ಕುಡಿಸಿ, ಕೂತಿರಿ ಅಂದರು. ಕೂತೆವು. ಅವಳು ನನ್ನ ಹೆಗಲ ಮೇಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದಳು. ಆಚೆಯಿಂದ ಹೋಗುತ್ತಿದ್ದ ಇನ್ನೊಬ್ಬ ಡಾಕ್ಟರಮ್ಮ ಆ ಕೆಮ್ಮು ಕೇಳಿ ನಿಂತರು. ಹತ್ತಿರ ಬಂದು ಎದೆ ನೋಡಿದರು, ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು. ಐದೇ ನಿಮಿಷ. ತುಟಿಗೆ ಬಣ್ಣ ಬಂತು, ತಲೆ ಎತ್ತಿ ನನ್ನ ಮುಖ ನೋಡಿದಳು. ಆಗ ಡಾಕ್ಟರಮ್ಮ ಕೇಳಿದರು: "ಏನು ತಿಂದಳು? ಎಷ್ಟು? ತಿಂದಾಗ ಗಂಟೆ ಎಷ್ಟು? ಮೊದಲ ಗಂದೆ ಕಂಡಾಗ ಗಂಟೆ ಎಷ್ಟು?"

ನನಗೆ ಗೊತ್ತಿತ್ತು. ಜಾಣತನದಿಂದ ಅಲ್ಲ, ಅಡುಗೆಮನೆಯ ಗಡಿಯಾರ ಕಣ್ಣೆದುರಿಗೇ ಇದ್ದದ್ದರಿಂದ. ತಿಂದಾಗ 5:40, ಗಂದೆ ಎದ್ದಾಗ 5:50 ಆಗಿರಲಿಲ್ಲ. "ಹಿಂದೆ ಯಾವತ್ತಾದರೂ ಹೀಗಾಗಿತ್ತಾ?" ಅಂದರು. ಇಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಮುತ್ತು ನೆನಪಾಯಿತು. ಅದರ ಹಿಂದೆಯೇ ಬಿಸ್ಕತ್ತು.

ನಾನು ಇವತ್ತು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಅಲರ್ಜಿಯನ್ನು ರಕ್ತದ ಪರೀಕ್ಷೆಯೇ ಕಂಡುಹಿಡಿಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಅಲರ್ಜಿ ಡಾಕ್ಟರು ಮೊದಲು ಕೇಳುವುದು ನಿಮ್ಮ ಕಥೆಯನ್ನು. ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು, ಎಷ್ಟು ಹೊತ್ತು ಇತ್ತು. ಪರೀಕ್ಷೆಗಳೆಲ್ಲ ಆ ಕಥೆಯನ್ನು ಒರೆಗೆ ಹಚ್ಚಲು ಇರುವಂಥವು. ಕಥೆಯೇ ಇಲ್ಲದಿದ್ದರೆ ಅವುಗಳಿಂದ ಸಿಗುವುದು ಕಡಿಮೆ.

ಹೊತ್ತು ಯಾಕೆ ಅಷ್ಟು ಮುಖ್ಯ? ಕಡಲೆಬೀಜದ ಅಲರ್ಜಿ ಕಾಯುವಂಥದ್ದಲ್ಲ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ, ತಡವಾದರೂ ಎರಡು ಗಂಟೆಯೊಳಗೆ. ನಿನ್ನೆ ತಿಂದದ್ದಕ್ಕೆ ಇವತ್ತು ಬೆಳಿಗ್ಗೆ ಗಂದೆ ಎದ್ದರೆ ಕಾರಣ ಬೇರೆ ಇರುವ ಸಾಧ್ಯತೆಯೇ ಜಾಸ್ತಿ. ಇನ್ನೊಂದು ಸುಳಿವು, ಪ್ರತಿ ಸಲವೂ ಆಗುವುದು. ಮೂರು ಸಲ ಆರಾಮಾಗಿ ತಿಂದು ನಾಲ್ಕನೇ ಸಲ ವಾಂತಿ ಮಾಡಿದ ಮಗುವಿನ ಕಥೆಯೇ ಬೇರೆ, ತುಟಿಗೆ ತಾಗಿದಾಗಲೆಲ್ಲ ಏನೋ ಒಂದಾಗುವ ಮಗುವಿನ ಕಥೆಯೇ ಬೇರೆ.

ನಮ್ಮ ಮಾತಿನಲ್ಲಿ ಒಂದು ತೊಡಕಿದೆ. ನಾವು ಎಲ್ಲದಕ್ಕೂ "ಆಗಿಬರಲ್ಲ" ಅನ್ನುತ್ತೇವೆ. ಹಾಲು ಕುಡಿದು ಹೊಟ್ಟೆ ಉಬ್ಬರಿಸಿದರೂ ಆಗಿಬರಲ್ಲ, ಹುಳಿ ಹಣ್ಣು ತಿಂದು ಬಾಯಿಯ ಸುತ್ತ ಸುಮ್ನೆ ಕೆಂಪಾದರೂ ಆಗಿಬರಲ್ಲ, ಕಡಲೆಬೀಜ ತಿಂದು ಉಸಿರು ಕಟ್ಟಿದರೂ ಆಗಿಬರಲ್ಲ. ಹಾಲಿನ ಸಕ್ಕರೆ ಅರಗದೆ ಹೊಟ್ಟೆ ಉಬ್ಬರಿಸುವುದು ಜೀರ್ಣದ ತೊಂದರೆ. ಹುಳಿಗೆ ಎಳೆಯ ಚರ್ಮ ಉರಿದು ಕೆಂಪಾಗುವುದು ಬರೀ ಉರಿ. ಅಲರ್ಜಿ ಅಂದರೆ ಮೈಯನ್ನು ಕಾಯಬೇಕಾದ ವ್ಯವಸ್ಥೆಯೇ ಕಡಲೆಬೀಜದ ಪ್ರೋಟೀನನ್ನು ಶತ್ರು ಅಂತ ತಪ್ಪಾಗಿ ಗುರುತು ಹಾಕಿಕೊಂಡಿರುವುದು. ಹಾಗೆ ಗುರುತು ಹಾಕಿಕೊಂಡು ಕಾಯುವ ಪ್ರತಿಕಾಯದ ಹೆಸರು ಐಜಿಇ. ಪ್ರೋಟೀನು ಮತ್ತೆ ಬಂದ ಕೂಡಲೇ ಚರ್ಮ, ಗಂಟಲು, ಶ್ವಾಸಕೋಶ, ಕರುಳಿನಲ್ಲಿರುವ ಮಾಸ್ಟ್ ಕೋಶಗಳು ಒಡೆದ ಹಾಗೆ ಹಿಸ್ಟಮಿನ್ ಮತ್ತಿತರ ರಾಸಾಯನಿಕಗಳನ್ನು ಸುರಿಯುತ್ತವೆ. ಗಂದೆ, ಊತ, ವಾಂತಿ, ಕೆಮ್ಮು ಎಲ್ಲವೂ ಬರುವುದು ಅಲ್ಲಿಂದಲೇ. ಅದಕ್ಕೇ ಒಂದೇ ತುತ್ತು ಮೈಯ ನಾಲ್ಕು ಕಡೆ ನಾಲ್ಕು ಥರ ಕಾಣಿಸುತ್ತದೆ.

ಪುಟ್ಟ ಮಕ್ಕಳು ಹೇಳಲಾರವು, ಅಲ್ವಾ? ತೋರಿಸುತ್ತವೆ ಅಷ್ಟೆ. ನಾಲಿಗೆ ಉಜ್ಜಿಕೊಳ್ಳುವುದು, ಬಾಯೊಳಗೆ ಬೆರಳು ಹಾಕಿ ಎಳೆಯುವುದು, ಕಿವಿ ಕೆರೆಯುವುದು, ಇದ್ದಕ್ಕಿದ್ದಂತೆ ಅಮ್ಮನಿಗೆ ಅಂಟಿಕೊಳ್ಳುವುದು, ಆಟ ಬಿಟ್ಟು ಸುಮ್ಮನಾಗಿಬಿಡುವುದು. ಸ್ವಲ್ಪ ಮಾತು ಬಂದ ಮಕ್ಕಳು "ಖಾರ" ಅನ್ನುತ್ತವೆ, "ಬಾಯಿ ಚುಚ್ಚುತ್ತೆ" ಅನ್ನುತ್ತವೆ. ಖಾರವೇ ಇಲ್ಲದ ತಿಂಡಿಗೆ ಮಗು ಖಾರ ಅಂದರೆ ಹಟ ಅಂದುಕೊಳ್ಳಬೇಡಿ. ಇನ್ನೊಂದು ಮಾತು. ಪುಸ್ತಕಗಳಲ್ಲಿ ಕೆಂಪು ದದ್ದು ಅಂತ ಬರೆದಿರುತ್ತದೆ. ಮೈಬಣ್ಣ ಕಪ್ಪಿದ್ದರೆ ಕೆಂಪು ಸರಿಯಾಗಿ ಕಾಣುವುದೇ ಇಲ್ಲ. ಬೆಳಕಿಗೆ ಹಿಡಿದು ನೋಡಿ, ಅಂಗೈಯಿಂದ ಸವರಿ ನೋಡಿ. ಗಂದೆ ಕೈಗೆ ಸಿಗುತ್ತದೆ.

ಈಗ ತುಂಬ ತಾಯಂದಿರು ಕೇಳುವ ಪ್ರಶ್ನೆ. ನಾನೂ ಕೇಳಿದ್ದೆ. "ಮೊದಲನೇ ಸಲವೇ ತಿಂದದ್ದು. ಮೊದಲನೇ ಸಲವೇ ಹೇಗೆ ಆಯಿತು?"

ಪ್ರಶ್ನೆ ಸರಿಯಾಗೇ ಇದೆ. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು 1901-02ರಲ್ಲಿ ಕಡಲ ಜೀವಿಗಳ ವಿಷವನ್ನು ನಾಯಿಗಳಿಗೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಒಗ್ಗಿಸಲು ನೋಡುತ್ತಿದ್ದರು. ಆದದ್ದು ತದ್ವಿರುದ್ಧ. ಮೊದಲ ಸಲ ತಡೆದುಕೊಂಡಿದ್ದ ನಾಯಿ, ಕೆಲವು ವಾರಗಳ ನಂತರ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ವಿಷಕ್ಕೆ ನಿಮಿಷಗಳಲ್ಲಿ ಸತ್ತುಹೋಯಿತು. ಅದಕ್ಕೆ ಅವರು ಇಟ್ಟ ಹೆಸರೇ ಅನಾಫಿಲ್ಯಾಕ್ಸಿಸ್. ರಿಶೆಗೆ 1913ರಲ್ಲಿ ನೊಬೆಲ್ ಬಂತು. ಅಂದರೆ ಮೈಗೆ ಮೊದಲೇ ಪರಿಚಯ ಆಗಿರಬೇಕು, ಆಮೇಲೆ ತಾನೇ ಜಗಳ? ಆದರೂ ಕಡಲೆಬೀಜದ ಅಲರ್ಜಿ ಇರುವ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಮಕ್ಕಳಿಗೆ, ತಂದೆತಾಯಿಗೆ ಗೊತ್ತಿರುವಂತೆ, ಮೊದಲ ಸಲ ತಿಂದಾಗಲೇ ಹೀಗಾಗುತ್ತದೆ.

ಹಾಗಾದರೆ ಪರಿಚಯ ಆದದ್ದು ಎಲ್ಲಿ? ಲಂಡನ್ನಿನ ಕಿಂಗ್ಸ್ ಕಾಲೇಜಿನ ಮಕ್ಕಳ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ ಇದಕ್ಕೆ ಕೊಟ್ಟ ವಿವರಣೆ ನನಗೆ ಬಹಳ ಒಪ್ಪಿಗೆಯಾದದ್ದು. ಬಾಯಿಂದ ಒಳಹೋದ ಆಹಾರಕ್ಕೆ ಮೈ ಒಗ್ಗಿಕೊಳ್ಳುತ್ತದೆ. ಒಡೆದ ಚರ್ಮದ ಮೂಲಕ ಒಳನುಗ್ಗಿದ ಅದೇ ಆಹಾರವನ್ನು ಮೈ ಅನುಮಾನದಿಂದ ನೋಡುತ್ತದೆ. ಇಸುಬು ಅಂತೀವಲ್ಲ, ಎಕ್ಸಿಮಾ, ಅದು ಇರುವ ಮಗುವಿನ ಚರ್ಮ ಬೇಲಿ ಮುರಿದ ಹೊಲದ ಹಾಗೆ. ದೊಡ್ಡವರು ಕಡಲೆಬೀಜ ತಿನ್ನುವ ಮನೆಯಲ್ಲಿ ಅದರ ಪ್ರೋಟೀನು ದೂಳಿನಲ್ಲೂ ಇರುತ್ತದೆ, ಕೈಯಲ್ಲೂ ಇರುತ್ತದೆ. ಅದೇ ಕೈಯಿಂದ ಮಗುವನ್ನು ಎತ್ತುತ್ತೇವೆ. ಅವರ ತಂಡ 2003ರಲ್ಲಿ ಬ್ರಿಟನ್ನಿನ ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಕಡಲೆಕಾಯಿ ಎಣ್ಣೆ ಇದ್ದ ಮುಲಾಮನ್ನು ಚರ್ಮಕ್ಕೆ ಹಚ್ಚಿದ್ದಕ್ಕೂ ಮುಂದೆ ಅಲರ್ಜಿ ಬಂದದ್ದಕ್ಕೂ ನಂಟು ಕಂಡಿತ್ತು.

ನನ್ನ ಮಗಳಿಗೆ ಮೂರು ತಿಂಗಳಿಂದಲೇ ಕೆನ್ನೆ, ಮೊಣಕೈ ಮಡಿಕೆ, ಮೊಣಕಾಲ ಹಿಂದೆ ಇಸುಬು ಇತ್ತು. ಅದು ಬೇರೆ, ಇದು ಬೇರೆ ಅಂದುಕೊಂಡಿದ್ದೆವು. ಇಲ್ಲಿ ಕೂತಿರುವವರ ಮಗುವಿಗೆ ಜಾಸ್ತಿ ಇಸುಬಿದ್ದರೆ, ಇಲ್ಲವೇ ಮೊಟ್ಟೆಯ ಅಲರ್ಜಿ ಇದ್ದರೆ, ನನ್ನ ಮಾತನ್ನು ಸ್ವಲ್ಪ ಜಾಸ್ತಿಯೇ ಗಮನ ಕೊಟ್ಟು ಕೇಳಿ.

ಪರೀಕ್ಷೆಗಳ ವಿಷಯ. ಚರ್ಮದ ಪರೀಕ್ಷೆ ನೋಡಿ ಭಯಪಡಬೇಕಾದ್ದೇನಿಲ್ಲ. ಮುಂಗೈ ಮೇಲೆ ಅಥವಾ ಬೆನ್ನ ಮೇಲೆ ಒಂದೊಂದು ಹನಿ ಇಟ್ಟು ಚೂರು ಚುಚ್ಚುತ್ತಾರೆ. ಒಂದು ಹನಿ ಕಡಲೆಬೀಜದ ಸಾರ, ಒಂದು ಹಿಸ್ಟಮಿನ್, ಒಂದು ಬರೀ ಉಪ್ಪುನೀರು. ಹದಿನೈದು ನಿಮಿಷ ಕಾಯಬೇಕು. ಕೆರೆಯದ ಹಾಗೆ ಆ ಪುಟ್ಟ ಕೈ ಹಿಡಿದುಕೊಂಡಿರುವುದೇ ಕಷ್ಟದ ಕೆಲಸ. ಗಂದೆ ಉಪ್ಪುನೀರಿನದಕ್ಕಿಂತ 3 ಮಿಲಿಮೀಟರ್ ಅಥವಾ ಹೆಚ್ಚು ಅಗಲವಿದ್ದರೆ ಪಾಸಿಟಿವ್. ರಕ್ತದಲ್ಲಿ ಕಡಲೆಬೀಜದ ಐಜಿಇ ಎಷ್ಟಿದೆ ಅಂತಲೂ ನೋಡುತ್ತಾರೆ. ಈಗ ಆ ಬೀಜದ ಒಂದೊಂದು ಪ್ರೋಟೀನಿಗೂ ಬೇರೆ ಬೇರೆ ಪರೀಕ್ಷೆ ಇದೆ. ಅವುಗಳಲ್ಲಿ ಅರಾ ಎಚ್ 2 ಅನ್ನುವುದರ ಮಾತು ಹೆಚ್ಚು ಬರುತ್ತದೆ, ನಿಜವಾದ ಅಲರ್ಜಿಯನ್ನು ಗುರುತಿಸಲು ಅದು ಚೆನ್ನಾಗಿ ನೆರವಾಗುತ್ತದೆ.

ಆದರೆ ಪಾಸಿಟಿವ್ ಬಂದಿತು ಅಂದಮಾತ್ರಕ್ಕೆ ಅಲರ್ಜಿ ಅಂತಲ್ಲ. ಎಷ್ಟೋ ಮಕ್ಕಳ ರಕ್ತದಲ್ಲಿ ಐಜಿಇ ಇರುತ್ತದೆ, ತಿಂದರೆ ಏನೂ ಆಗುವುದಿಲ್ಲ. ಅದಕ್ಕೇ "ಎಲ್ಲದಕ್ಕೂ ಒಂದು ಟೆಸ್ಟ್ ಮಾಡಿಸಿಬಿಡೋಣ" ಅಂತ ನೂರು ಆಹಾರದ ಪಟ್ಟಿಗೆ ರಕ್ತ ಕೊಡಬೇಡಿ. ಹಾಗೆ ಮಾಡಿಸಿ, ಪಟ್ಟಿ ನೋಡಿ, ಹಾಲು ಗೋದಿ ಮೊಟ್ಟೆ ಎಲ್ಲ ನಿಲ್ಲಿಸಿ ಮಗು ಸೊರಗಿದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಇನ್ನೊಂದು ತಪ್ಪು ತಿಳಿವಳಿಕೆ, ಅಂಕಿ ದೊಡ್ಡದಿದ್ದರೆ ಅಲರ್ಜಿ ಜೋರು ಅನ್ನುವುದು. ದೊಡ್ಡ ಅಂಕಿ ಹೇಳುವುದು ಅಲರ್ಜಿ ಇರುವ ಸಾಧ್ಯತೆ ಜಾಸ್ತಿ ಅಂತ ಮಾತ್ರ. ಮುಂದಿನ ಸಲ ಬರೀ ಗಂದೆಯೋ, ಉಸಿರೇ ಕಟ್ಟುತ್ತದೋ ಅಂತ ಅದು ಹೇಳಲಾರದು. ಕಥೆ, ಪರೀಕ್ಷೆ ಎರಡೂ ಸೇರಿದರೂ ಅನುಮಾನ ಉಳಿದರೆ, ಆಸ್ಪತ್ರೆಯಲ್ಲಿ ಡಾಕ್ಟರ ಕಣ್ಣೆದುರಿಗೆ ತೀರಾ ಚೂರಿನಿಂದ ಶುರುಮಾಡಿ ಮೆಲ್ಲಮೆಲ್ಲಗೆ ತಿನ್ನಿಸಿ ನೋಡುತ್ತಾರೆ. ಕಡೆಯ ತೀರ್ಪು ಅದೇ. ದಯವಿಟ್ಟು ಅದನ್ನು ಮನೆಯಲ್ಲಿ ಮಾಡಬೇಡಿ. "ಇನ್ನೊಂದು ಸಲ ಕೊಟ್ಟು ನೋಡೋಣ, ನಿಜವಾ ಅಂತ" ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂದಿತ್ತು.

ಮತ್ತೆ, ತಪ್ಪು ಯಾರದು ಅನ್ನುವ ಕೊರಗು. ಬಸುರಿಯಲ್ಲಿ ನಾನು ತಿಂದದ್ದಕ್ಕೇ ಹೀಗಾಯಿತಾ? ತಿನ್ನದೆ ಇದ್ದದ್ದಕ್ಕಾ? ಬೇಗ ಕೊಟ್ಟೆನಾ, ತಡವಾಗಿ ಕೊಟ್ಟೆನಾ? ರಾತ್ರಿಯಿಡೀ ಇದೇ. ಕೇಳಿ, ಡಾಕ್ಟರುಗಳ ಸಲಹೆಯೇ ಈ ವಿಷಯದಲ್ಲಿ ಪೂರ್ತಿ ತಿರುಗಿದೆ. ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಬೀಜ ಕೊಡಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಹೇಳಿತ್ತು. 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. ಅದೇ ವರ್ಷ ಲ್ಯಾಕ್ ಅವರ ತಂಡ ಬ್ರಿಟನ್ ಮತ್ತು ಇಸ್ರೇಲಿನ ಯಹೂದಿ ಮಕ್ಕಳನ್ನು ಹೋಲಿಸಿತು. ಎಳವೆಯಲ್ಲೇ ಕಡಲೆಬೀಜದ ತಿನಿಸು ತಿನ್ನುವ ಇಸ್ರೇಲಿನ ಮಕ್ಕಳಲ್ಲಿ ಅಲರ್ಜಿ ಶೇ. 0.17, ತಡವಾಗಿ ತಿನ್ನುವ ಬ್ರಿಟನ್ನಿನ ಮಕ್ಕಳಲ್ಲಿ ಶೇ. 1.85. ಸುಮಾರು ಹತ್ತು ಪಟ್ಟು.

ಅಲ್ಲಿಂದ ಹುಟ್ಟಿದ್ದು ಲೀಪ್ ಅಧ್ಯಯನ. 4ರಿಂದ 11 ತಿಂಗಳ 640 ಕೂಸುಗಳು, ಎಲ್ಲವಕ್ಕೂ ಜೋರು ಇಸುಬೋ ಮೊಟ್ಟೆಯ ಅಲರ್ಜಿಯೋ ಎರಡೂನೋ ಇತ್ತು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಐದು ವರ್ಷದವರೆಗೆ ಕಡಲೆಬೀಜ ಪೂರ್ತಿ ಬಂದ್. ಇನ್ನೊಂದಕ್ಕೆ ವಾರಕ್ಕೆ ಕನಿಷ್ಠ 6 ಗ್ರಾಂ ಕಡಲೆಬೀಜದ ಪ್ರೋಟೀನು, ಮೂರು ಅಥವಾ ಹೆಚ್ಚು ಸಲ ಹಂಚಿ. 2015ರಲ್ಲಿ ಫಲಿತಾಂಶ ಬಂತು. ತಿನ್ನದ ಗುಂಪಿನಲ್ಲಿ ಶೇ. 17.2 ಮಕ್ಕಳಿಗೆ ಅಲರ್ಜಿ, ತಿಂದ ಗುಂಪಿನಲ್ಲಿ ಶೇ. 3.2. ಇದನ್ನು ಓದಿದ ದಿನ ನಾನು ಅತ್ತೆ. ತಪ್ಪು ಮಾಡಿದೆ ಅಂತಲ್ಲ. ಎಷ್ಟೊಂದು ತಾಯಂದಿರು ಹೇಳಿದ್ದನ್ನು ಹೇಳಿದ ಹಾಗೆ ಪಾಲಿಸಿ, ಆಮೇಲೆ ತಮ್ಮನ್ನೇ ಬೈದುಕೊಂಡಿರಬೇಕಲ್ಲ ಅಂತ.

ನನ್ನ ಎರಡನೆಯವನು ಹುಟ್ಟಿದಾಗ ನಾಲ್ಕು ತಿಂಗಳಿಗೇ ಡಾಕ್ಟರ ಹತ್ತಿರ ಹೋಗಿ ಕೇಳಿದೆವು. ಅವನಿಗೂ ಇಸುಬಿತ್ತು. ಚರ್ಮದ ಪರೀಕ್ಷೆಯಲ್ಲಿ ಏನೂ ಏಳಲಿಲ್ಲ. ಮೊದಲ ಚಮಚ ಅವರ ಕೋಣೆಯಲ್ಲೇ ಕೊಟ್ಟೆವು, ನುಣ್ಣಗೆ ಅರೆದ ಕಡಲೆಬೀಜವನ್ನು ಬಿಸಿನೀರಿನಲ್ಲಿ ತೆಳ್ಳಗೆ ಕದಡಿ, ಆರಿಸಿ. ಇಡೀ ಬೀಜವನ್ನಾಗಲಿ ಗಟ್ಟಿ ಪೀನಟ್ ಬಟರನ್ನಾಗಲಿ ಕೂಸುಗಳಿಗೆ ಕೊಡಬಾರದು. ಅದು ಅಲರ್ಜಿಯ ಮಾತಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಎರಡು ಗಂಟೆ ಅವನ ಮುಖವನ್ನೇ ನೋಡುತ್ತಾ ಕೂತಿದ್ದೆ. ಅವನು ನಿದ್ದೆ ಹೋದ. ಅಕ್ಕನಿಗೆ ವಿಷ, ತಮ್ಮನಿಗೆ ಮದ್ದು, ಒಂದೇ ಮನೆಯಲ್ಲಿ. ಅವನಿಗೆ ತಿನ್ನಿಸಿದ ಮೇಲೆ ಕೈ, ಮುಖ, ಮೇಜು ಎಲ್ಲವನ್ನೂ ಸೋಪು ಹಾಕಿ ತೊಳೆಯುವುದು ನಮಗೆ ಅಭ್ಯಾಸವಾಯಿತು. ಸ್ಯಾನಿಟೈಸರ್ ಸಾಲದು, ಅದು ಕ್ರಿಮಿಯನ್ನು ಕೊಲ್ಲುತ್ತದೆ, ಪ್ರೋಟೀನನ್ನು ತೆಗೆಯುವುದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವನ್ನೂ ಬರೆಯುತ್ತೇನೆ.

ದೊಡ್ಡವಳಾದ ಮೇಲೆ ಹೋಗಿಬಿಡುತ್ತಾ ಅಂತ ಒಬ್ಬರು ಅಜ್ಜಿ ಕೇಳಿದರು. ಐದರಲ್ಲಿ ಒಂದು ಮಗುವಿಗೆ ಹೋಗುತ್ತದೆ. ನನ್ನ ಮಗಳಿಗೆ ಇನ್ನೂ ಹೋಗಿಲ್ಲ. ಹಾಲು, ಮೊಟ್ಟೆಯ ಅಲರ್ಜಿಯ ಹಾಗಲ್ಲ ಇದು, ಬಹಳ ಮಕ್ಕಳಿಗೆ ಉಳಿದುಕೊಳ್ಳುತ್ತದೆ.

ವಾಸನೆಗೇ ಅಲರ್ಜಿ ಆಗುತ್ತಾ ಅಂತ ಒಬ್ಬ ಅಪ್ಪ ಕೇಳಿದರು. ಪೀನಟ್ ಬಟರಿನ ವಾಸನೆಯಲ್ಲಿ ಪ್ರೋಟೀನು ಇರುವುದಿಲ್ಲ. ಪಕ್ಕದಲ್ಲಿ ಯಾರೋ ತಿಂದರು ಅಂತ ಮಗುವನ್ನು ಎತ್ತಿಕೊಂಡು ಓಡಬೇಕಿಲ್ಲ. ಬಾಯಿಗೆ ಹೋಗುವುದನ್ನು ಕಾಯಿರಿ.

ಒಬ್ಬ ತಾಯಿ ಎದ್ದು ನಿಂತು, ಮಗುವಿಗೆ ಹೋದ ವಾರ ತುಟಿ ಊದಿತ್ತು, ಈಗ ಏನು ಮಾಡಲಿ ಅಂದರು. ದನಿ ನಡುಗುತ್ತಿತ್ತು. ಇವತ್ತೇ ಬರೆದಿಡಿ ಅಂದೆ. ಏನು, ಎಷ್ಟು, ಎಷ್ಟು ಹೊತ್ತಿಗೆ. ಪೊಟ್ಟಣ ಇದ್ದರೆ ಎತ್ತಿಡಿ. ಫೋನಿನಲ್ಲಿ ಫೋಟೋ ಇದ್ದರೆ ಅಳಿಸಬೇಡಿ. ಡಾಕ್ಟರನ್ನು ಕಾಣುವವರೆಗೆ ಕಡಲೆಬೀಜ ಬೇಡ, ಉಳಿದ ಊಟ ಎಂದಿನಂತೆ ಇರಲಿ.

ಮತ್ತೆ ಆದರೆ? ಬರೀ ಎರಡು ಗಂದೆಯಾದರೆ ಕಣ್ಣಿಟ್ಟು ನೋಡಿ, ಡಾಕ್ಟರಿಗೆ ಫೋನ್ ಮಾಡಿ. ಕೆಮ್ಮು, ಉಬ್ಬಸ, ದನಿ ಒಡೆಯುವುದು, ನಾಲಿಗೆ ಊದುವುದು, ಮಗು ಜೋತುಬೀಳುವುದು, ಇವುಗಳಲ್ಲಿ ಒಂದು ಕಂಡರೂ, ಅಥವಾ ಗಂದೆಯ ಜೊತೆಗೆ ವಾಂತಿ ನಿಲ್ಲದಿದ್ದರೂ, ಅಡ್ರಿನಲಿನ್ ಬೇಕು. ತಡಮಾಡಬಾರದು. ತುರಿಕೆಯ ಸಿರಪ್ ತುರಿಕೆಗೆ ಮಾತ್ರ, ಉಸಿರನ್ನು ಅದು ಉಳಿಸುವುದಿಲ್ಲ. ಮನೆಯವರೇ ಒತ್ತಿ ಕೊಡಬಹುದಾದ ಅಡ್ರಿನಲಿನ್ ಇಂಜೆಕ್ಟರ್ ಇದ್ದರೆ ಕೊಟ್ಟು, ಆಂಬುಲೆನ್ಸಿಗೆ ಕರೆ ಮಾಡಿ. ಮಗುವನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರಾಡಲು ಕಷ್ಟಪಡುತ್ತಿದ್ದರೆ ಕೂರಿಸಿಕೊಳ್ಳಿ. ಎದ್ದು ನಡೆಯಲು ಬಿಡಬೇಡಿ. ಐದು ನಿಮಿಷಕ್ಕೂ ಸುಧಾರಿಸದಿದ್ದರೆ ಎರಡನೆಯದನ್ನು ಕೊಡಬೇಕಾಗುತ್ತದೆ. ಸರಿಹೋದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ಯಾಕೆಂದರೆ ಕೆಲವರಿಗೆ ಎರಡನೇ ಸಲ ಮರುಕಳಿಸುತ್ತದೆ.

ಇದನ್ನು ಕೇಳುವುದು ಬೇರೆ, ಕೈಯಲ್ಲಿ ಹಿಡಿಯುವುದು ಬೇರೆ. ಸೂಜಿಯಿಲ್ಲದ, ಔಷಧಿಯಿಲ್ಲದ ಅಭ್ಯಾಸದ ಇಂಜೆಕ್ಟರುಗಳನ್ನು ತಂದಿದ್ದೆ. ಆ ತಾಯಿಯನ್ನೇ ಮೊದಲು ಕರೆದೆ. ಕ್ಯಾಪ್ ತೆಗೆಯಿರಿ. ಹೆಬ್ಬೆರಳನ್ನು ತುದಿಯ ಮೇಲೆ ಇಡಬೇಡಿ, ಮುಷ್ಟಿಯಲ್ಲಿ ಹಿಡಿಯಿರಿ. ತೊಡೆಯ ಹೊರಬದಿಗೆ, ನಡುಭಾಗಕ್ಕೆ ಒತ್ತಿ. ಬಟ್ಟೆಯ ಮೇಲಿಂದಲೇ ಆಗುತ್ತದೆ. ಅವರು ಮೆಲ್ಲಗೆ ತಾಗಿಸಿದರು, ನೋವಾದೀತು ಅನ್ನುವ ಹಾಗೆ. ಇನ್ನೂ ಗಟ್ಟಿಯಾಗಿ ಅಂದೆ. ಎರಡನೇ ಸಲ ಟಕ್ ಅಂತ ಸದ್ದು ಬಂತು. ಹೀಗೇ ಒತ್ತಿ ಹಿಡಿದು, ಇಂಜೆಕ್ಟರಿನ ಮೇಲೆ ಬರೆದಿರುವಷ್ಟು ಸೆಕೆಂಡು ಎಣಿಸಿ ಅಂದೆ. ಅವರು ಎಣಿಸಿದರು, ಹಿಂದೆ ಸಾಲಾಗಿ ನಿಂತಿದ್ದವರೂ ಅವರ ಜೊತೆ ಎಣಿಸಿದರು.